ಹಳೇ ರೈಲ್ವೆ ಸ್ಟೇಷನ್ ಮಾಡೆಲ್ ಮಾಡಬೇಕಾ? ಪ್ಲಾನ್ ಹುಡುಕುವುದು ಹೀಗೆ

ನಾನು ಮಾಡಿದ ಮೊದಲ ಸ್ಟೇಷನ್ ಮಾಡೆಲ್ ನೋಡಿ ಒಬ್ಬ ನಿವೃತ್ತ ಪಾಯಿಂಟ್ಸ್‌ಮನ್ ತಾತ ಕೇಳಿದರು, "ಇದೇನಪ್ಪಾ, ಈ ಕಡೆ ಎರಡು ರೂಮು ಎಲ್ಲಿಂದ ಬಂತು?" ಅವರು ಅದೇ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿದವರು. ನಾನು ಹೆಮ್ಮೆಯಿಂದ ನಕ್ಷೆಯ ಜೆರಾಕ್ಸ್ ತೆಗೆದು ತೋರಿಸಿದೆ. "ನೋಡಿ ತಾತ, ಇಲ್ಲೇ ಇದೆಯಲ್ಲ." ಅವರು ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಕಾಗದದಲ್ಲಿ ಇರಬಹುದು ಮಗಾ. ಅಲ್ಲಿ ಬೇವಿನ ಮರ ಇತ್ತು."

ಆಮೇಲೆ ಮೂಲ ನಕ್ಷೆ ನೋಡಿದಾಗ ವಿಷಯ ಗೊತ್ತಾಯಿತು. ಆ ಎರಡು ರೂಮುಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ಕೆಂಪು ಅಂದರೆ ಮುಂದೆ ಕಟ್ಟಬೇಕು ಅಂತಿರುವುದು. ಕಟ್ಟಲೇ ಇಲ್ಲ. ನನ್ನ ಕೈಯಲ್ಲಿದ್ದದ್ದು ಕಪ್ಪುಬಿಳುಪು ಜೆರಾಕ್ಸ್, ಅದರಲ್ಲಿ ಕೆಂಪೂ ಒಂದೇ ಕಪ್ಪೂ ಒಂದೇ. ಎರಡು ತಿಂಗಳ ಕೆಲಸ, ಒಂದು ಶೀಟ್ ಪ್ಲಾಸ್ಟಿಕ್, ಮೂರು ಬ್ಲೇಡ್ ಎಲ್ಲ ದಂಡ.

ನೀವು ಹಾಗೆ ಮಾಡಿಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪೂರ್ತಿ ಪ್ಲಾನ್ ಒಂದೇ ಹಾಳೆಯಲ್ಲಿ ಸಿಗುವುದು ಅಪರೂಪ. ಒಂದು ಹಳೇ ನಕ್ಷೆ, ನಾಲ್ಕು ಫೋಟೋ, ಒಂದು ಟೇಪು, ಊರಿನ ಒಬ್ಬ ಅಜ್ಜನ ನೆನಪು, ಇಷ್ಟನ್ನೂ ಸೇರಿಸಿ ನಾವೇ ಪ್ಲಾನ್ ಮಾಡಿಕೊಳ್ಳಬೇಕು.

ಮೊದಲು ಇಸವಿ ಹಿಡಿಯಿರಿ

"ನಂದಿ ಹಾಲ್ಟ್ ಮಾಡೆಲ್ ಮಾಡುತ್ತೇನೆ" ಅಂದರೆ ಸಾಲದು. ಯಾವ ವರ್ಷದ ನಂದಿ ಹಾಲ್ಟ್? ಯಲಹಂಕ ಕಡೆಯಿಂದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಈ ಲೈನ್ ಶುರುವಾದದ್ದು 1915ರಲ್ಲಿ, ಆಗ ಅದು ನ್ಯಾರೋಗೇಜ್. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಈಗ ಅದೇ ಜಾಗದಲ್ಲಿ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಇದೆ. ಕಟ್ಟಡ ಹಳೆಯದೇ. ಆದರೆ ಹಳಿ ಬೇರೆ, ಪ್ಲಾಟ್‌ಫಾರಂ ಬೇರೆ, ಸಿಗ್ನಲ್ ಬೇರೆ, ಬೋರ್ಡೂ ಬೇರೆ. ಇತ್ತೀಚೆಗೆ ಈ ಸಾಲಿನ ನಾಲ್ಕು ಹಳೇ ಸ್ಟೇಷನ್‌ಗಳನ್ನು ಹಳೇ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ರೈಲ್ವೆ ಜೊತೆ ಸೇರಿ ದುರಸ್ತಿ ಮಾಡಿದ್ದಾರೆ. ಹಾಗಾಗಿ ದುರಸ್ತಿಗೆ ಮುಂಚಿನ ರೂಪ, ಆಮೇಲಿನ ರೂಪ ಅಂತ ಇನ್ನೂ ಎರಡು ಸೇರಿದವು.

ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಇಸವಿ ಬರೆದಿಡಿ. 1916 ಅಂತಲೋ, 1960 ಅಂತಲೋ. ಸಿಕ್ಕಿದ ಪ್ರತಿ ಫೋಟೋ, ಪ್ರತಿ ನಕ್ಷೆಯನ್ನು ಅದರ ಎದುರು ಹಿಡಿದು ನೋಡಿ. ಹೊಂದದಿದ್ದರೆ ಬೇರೆ ಫೈಲಿಗೆ ಹಾಕಿ. ಎಸೆಯಬೇಡಿ, ಗೋಡೆಯ ಅಳತೆಗಾದರೂ ಬೇಕಾಗುತ್ತದೆ.

ಆ ವರ್ಷ ಅದು ಯಾರ ರೈಲ್ವೆ?

ಹುಡುಕಾಟದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಈಗಿನ ರೈಲ್ವೆ ವಿಭಾಗದ ಕಚೇರಿಗೆ ಹೋಗಿ "1890ರ ಪ್ಲಾನ್ ಕೊಡಿ ಸಾರ್" ಅಂದರೆ ಅಲ್ಲಿದ್ದವರು ನಿಮ್ಮ ಮುಖ ನೋಡುತ್ತಾರೆ. ಅವರ ತಪ್ಪೇನಿಲ್ಲ. ನೈಋತ್ಯ ರೈಲ್ವೆ ಹುಟ್ಟಿದ್ದೇ 2003ರಲ್ಲಿ. ಅದಕ್ಕಿಂತ ಹಿಂದಿನ ಕಾಗದ ಹಿಂದಿನ ಯಜಮಾನರ ಬೆನ್ನು ಹಿಡಿದು ಎಲ್ಲೆಲ್ಲೋ ಹೋಗಿರುತ್ತದೆ.

ಮೂರು ದಾರಿ ಹೇಳುತ್ತೇನೆ, ಕರ್ನಾಟಕದ ಬಹಳಷ್ಟು ಹಳೇ ಸ್ಟೇಷನ್‌ಗಳು ಇದರಲ್ಲಿ ಒಂದಕ್ಕೆ ಬರುತ್ತವೆ.

ಬೆಂಗಳೂರು ದಂಡು, ಮಾಲೂರು ಕಡೆಯ ಲೈನ್ 1864ರದು, ಕಟ್ಟಿದ್ದು ಮದ್ರಾಸ್ ರೈಲ್ವೆ ಕಂಪನಿ. 1908ರಲ್ಲಿ ಅದು ಸದರ್ನ್ ಮರಾಠಾ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ಕಂಪನಿ ಲಂಡನ್ನಿನದು, ಆದ್ದರಿಂದ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು ಮತ್ತು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಎರಡು ಕಡೆ ನೋಡಬೇಕು.

ಮೈಸೂರು ಸಂಸ್ಥಾನದ ದುಡ್ಡಿನಲ್ಲಿ ಹಾಕಿದ ಲೈನ್‌ಗಳದು ಬೇರೆ ಕಥೆ. ಬೆಂಗಳೂರು–ಮೈಸೂರು ಮೀಟರ್‌ಗೇಜ್, ಬೀರೂರು–ಶಿವಮೊಗ್ಗ, ನಮ್ಮ ಚಿಕ್ಕಬಳ್ಳಾಪುರದ ಕಡೆಯ ಪುಟ್ಟ ರೈಲು, ಇವಕ್ಕೆಲ್ಲ ಮೊದಲು ಹೋಗಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನೂ ಬಿಡಬೇಡಿ. ಅದರಲ್ಲಿ ನಕ್ಷೆ ಇರುವುದಿಲ್ಲ, ಆದರೆ ಯಾವ ವರ್ಷ ಯಾವ ಲೈನಿಗೆ ಎಷ್ಟು ಖರ್ಚಾಯಿತು, ಯಾವ ಕೆಲಸ ನಡೆಯಿತು ಎನ್ನುವುದು ಸಿಗುತ್ತದೆ. ಇಸವಿ ಗಟ್ಟಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯದು ಇಲ್ಲ.

ಹುಬ್ಬಳ್ಳಿ, ಧಾರವಾಡ, ಕ್ಯಾಸಲ್‌ರಾಕ್ ಕಡೆ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಇದು ಮೇಲೆ ಹೇಳಿದ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1951ರ ಏಪ್ರಿಲ್‌ನಲ್ಲಿ ಅದೂ, ಮೈಸೂರು ಸ್ಟೇಟ್ ರೈಲ್ವೆಯೂ, ಸೌತ್ ಇಂಡಿಯನ್ ರೈಲ್ವೆಯೂ ಸೇರಿ ಸದರ್ನ್ ರೈಲ್ವೆ ಆಯಿತು. ಹುಬ್ಬಳ್ಳಿ ವಿಭಾಗ ಆಮೇಲೆ ಸೌತ್ ಸೆಂಟ್ರಲ್ ರೈಲ್ವೆಯಲ್ಲಿ ಇದ್ದು, 2003ರಲ್ಲಿ ನೈಋತ್ಯ ರೈಲ್ವೆಗೆ ಬಂತು. ಇಷ್ಟು ಸಲ ಮನೆ ಬದಲಾಯಿಸಿದರೆ ಸಾಮಾನು ಕಳೆಯದೆ ಇರುತ್ತಾ?

ಹಳೇ ಹೆಸರಲ್ಲಿ ಹುಡುಕಿ

ರಾಮನಗರ ಅಂತ ಹುಡುಕಿದರೆ ಹಳೇ ಫೈಲಿನಲ್ಲಿ ಏನೂ ಬರುವುದಿಲ್ಲ. ಆಗ ಅದು ಕ್ಲೋಸ್‌ಪೇಟೆ. ಪಾಂಡವಪುರ ಆಗ ಫ್ರೆಂಚ್ ರಾಕ್ಸ್. ಬಂಗಾರಪೇಟೆ ಬೌರಿಂಗ್‌ಪೇಟೆ. ಶ್ರೀರಂಗಪಟ್ಟಣ ಸೆರಿಂಗಪಟಂ. ಕ್ಯಾಟಲಾಗ್ ಇಂಗ್ಲಿಷಿನಲ್ಲೇ ಇರುತ್ತದೆ, ಬರೆದ ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದಿರುತ್ತಾರೆ. ಚಿಕ್ಕಬಳ್ಳಾಪುರಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಸ್ಪೆಲಿಂಗ್ ಹಾಕಿ ಹುಡುಕಿ. ಒಂದೇ ಪದವಾಗಿ, ಎರಡು ಪದವಾಗಿ, ಒಂದು ಎಲ್ ತೆಗೆದು, ಎಲ್ಲ ಮಾಡಿ ನೋಡಿ.

ಮನೆಯಲ್ಲೇ ಕೂತು ಹುಡುಕಲು ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟ್ ಅಭಿಲೇಖ್ ಪಟಲ್ ಇದೆ, ಇಂಟರ್ನೆಟ್ ಆರ್ಕೈವ್ ಇದೆ. ಎರಡನೆಯದರಲ್ಲಿ ಹಳೇ ರೈಲ್ವೆ ವರದಿಗಳು, ಎಂಜಿನಿಯರುಗಳ ಕೈಪಿಡಿಗಳು ಪುಕ್ಕಟೆ ಸಿಗುತ್ತವೆ. ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್‌ನವರ ಫೋಟೋ ಸಂಗ್ರಹದಲ್ಲಿ ಮೀಟರ್‌ಗೇಜ್ ಕಾಲದ ಚಿತ್ರಗಳು ಸಾಕಷ್ಟಿವೆ.

ರೈಲ್ವೆ ಕಚೇರಿಗೆ ಆರ್‌ಟಿಐ ಹಾಕಬಹುದಾ? ಹಾಕಬಹುದು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಏನು ಕೇಳುತ್ತೀರಿ ಎನ್ನುವುದು ಮುಖ್ಯ. "ಸ್ಟೇಷನ್ ಮತ್ತು ಯಾರ್ಡಿನ ಎಲ್ಲ ನಕ್ಷೆ ಕೊಡಿ" ಅಂದರೆ ಭದ್ರತೆ ಕಾರಣ ಹೇಳಿ ವಾಪಸ್ ಬರುವ ಸಾಧ್ಯತೆಯೇ ಜಾಸ್ತಿ. ಈಗ ಓಡುತ್ತಿರುವ ಸಿಗ್ನಲ್, ಪಾಯಿಂಟುಗಳ ನಕ್ಷೆ ನಿಮಗೆ ಬೇಕಾಗಿಯೂ ಇಲ್ಲ. ಬಳಕೆಯಲ್ಲಿಲ್ಲದ ಹಳೇ ಕಟ್ಟಡದ ಪ್ಲಾನು, ಎಲಿವೇಷನ್ನು (ಎದುರಿನಿಂದ ಕಾಣುವ ನೋಟ), ಸೆಕ್ಷನ್ನು (ಸೀಳಿದರೆ ಕಾಣುವ ಒಳನೋಟ) ಅಷ್ಟೇ ಕೇಳಿ, ಸ್ಟೇಷನ್ ಹೆಸರು, ಅಂದಾಜು ವರ್ಷ ಹಾಕಿ. ಪ್ರತಿ ಬೇಡ, ಕೂತು ನೋಡಲು ಅವಕಾಶ ಕೊಡಿ ಅಂತಲೂ ಕೇಳಬಹುದು. ಮೊದಲ ಒಂದು ಗಂಟೆ ಪುಕ್ಕಟೆ.

ನಕ್ಷೆ ಸಿಕ್ಕಿತು ಅಂದುಕೊಳ್ಳಿ

ಕುಣಿಯಬೇಡಿ. ಮೊದಲು ಕೆಳಗಿನ ಬಲಮೂಲೆ ನೋಡಿ. ದಿನಾಂಕ, ಸ್ಕೇಲ್, ಯಾವ ಕೆಲಸಕ್ಕೆ ಬರೆದದ್ದು ಎಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಬಣ್ಣದಲ್ಲೇ ಫೋಟೋ ತೆಗೆಯಿರಿ ಅಥವಾ ಸ್ಕ್ಯಾನ್ ಮಾಡಿಸಿ. ಬಣ್ಣ ಯಾಕೆ ಅಂತ ಮೇಲೆ ಹೇಳಿದ್ದೇನೆ, ಇನ್ನೊಂದು ಸಲ ಹೇಳಿ ಹೊಟ್ಟೆ ಉರಿಸಿಕೊಳ್ಳುವುದಿಲ್ಲ.

ಹಳೇ ನಕ್ಷೆಗಳು ಅಡಿ, ಇಂಚಿನಲ್ಲಿ ಇರುತ್ತವೆ. ಇದು ನಮಗೆ ಅನುಕೂಲವೇ. 1:87ರ ಎಚ್‌ಓ ಸ್ಕೇಲಿನಲ್ಲಿ, ಅಂದರೆ ನಿಜದ ಗಾತ್ರದ 87ರಲ್ಲಿ ಒಂದು ಭಾಗದಷ್ಟು ಮಾಡೆಲಿನಲ್ಲಿ, ಒಂದು ಅಡಿಗೆ ಮೂರೂವರೆ ಮಿಲಿಮೀಟರ್. 1:76ರ ಓಓದಲ್ಲಿ ಒಂದು ಅಡಿಗೆ ಸರಿಯಾಗಿ ನಾಲ್ಕು. ನಕ್ಷೆಯಲ್ಲಿ ಕಟ್ಟಡ 40 ಅಡಿ ಅಂತಿದ್ದರೆ ಎಚ್‌ಓದಲ್ಲಿ 140 ಮಿಲಿಮೀಟರ್, ಓಓದಲ್ಲಿ 160. ಕ್ಯಾಲ್ಕುಲೇಟರ್ ಬೇಕೇ ಆಗುವುದಿಲ್ಲ.

ನಕ್ಷೆಯನ್ನೇ ನೇರವಾಗಿ ಹಿಗ್ಗಿಸಿ ಪ್ರಿಂಟ್ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಇಂಚಿಗೆ ಎಂಟು ಅಡಿ ಅಂತ ಬರೆದಿದ್ದರೆ ಅದು 1:96. ಎಚ್‌ಓಗೆ ಶೇ 110ರಷ್ಟು ಹಿಗ್ಗಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಹಳೇ ಕಾಗದ ಕುಗ್ಗಿರುತ್ತದೆ, ಅದೂ ಉದ್ದಕ್ಕೆ ಒಂದು ಥರ, ಅಗಲಕ್ಕೆ ಇನ್ನೊಂದು ಥರ. ಬರೆದ ಅಂಕಿ ಒಂದು ಹೇಳಿ ಸ್ಕೇಲ್ ಪಟ್ಟಿ ಇನ್ನೊಂದು ಹೇಳಿದರೆ ಬರೆದ ಅಂಕಿಯನ್ನು ನಂಬಿ.

ಸಿಗಲೇ ಇಲ್ಲ ಅಂದುಕೊಳ್ಳಿ

ಹೆಚ್ಚಿನವರಿಗೆ ಆಗುವುದು ಇದೇ. ಆಗ ಎರಡು ಬಾಗಿಲು ತಟ್ಟಿ.

ಒಂದು, ಆರ್ಕಿಟೆಕ್ಚರ್ ಕಾಲೇಜು. ಅಲ್ಲಿನ ಹುಡುಗ ಹುಡುಗಿಯರು ಪಾಠದ ಭಾಗವಾಗಿ ಹಳೇ ಕಟ್ಟಡಕ್ಕೆ ಹೋಗಿ ಟೇಪು ಹಿಡಿದು ಅಳೆದು ನಕ್ಷೆ ಬರೆಯುತ್ತಾರೆ, ಇದಕ್ಕೆ ಮೆಷರ್ಡ್ ಡ್ರಾಯಿಂಗ್ ಅಂತಾರೆ. ಹಳೇ ಸ್ಟೇಷನ್ ಇರುವ ಊರಿನ ಹತ್ತಿರದ ಕಾಲೇಜಿನ ಲೈಬ್ರರಿಯಲ್ಲಿ ವಿಚಾರಿಸಿ. ಜೀರ್ಣೋದ್ಧಾರ ಆದ ಕಟ್ಟಡವಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅಳೆಯದೆ ಯಾರೂ ದುರಸ್ತಿ ಶುರು ಮಾಡುವುದಿಲ್ಲ. ಆ ಕೆಲಸ ಮಾಡಿದ ಸಂಸ್ಥೆಗೆ ವಿನಯದಿಂದ ಒಂದು ಪತ್ರ ಬರೆಯಿರಿ. ಏನು ಮಾಡುತ್ತೀರಿ, ಯಾಕೆ ಬೇಕು, ಮಾರುವುದಿಲ್ಲ ಅಂತ ಹೇಳಿ. ಮುಗಿದ ಮೇಲೆ ಮಾಡೆಲಿನ ಫೋಟೋ ಕಳಿಸುತ್ತೇನೆ ಅಂದರೆ ಕೆಲಸ ಬೇಗ ಆಗುತ್ತದೆ, ಇದು ನನ್ನ ಅನುಭವ.

ಎರಡು, ಪಕ್ಕದ ಸ್ಟೇಷನ್. ಒಂದು ಲೈನ್ ಹಾಕುವಾಗ ಪ್ರತಿ ಊರಿಗೂ ಹೊಸದಾಗಿ ನಕ್ಷೆ ಬರೆಯುತ್ತಾ ಕೂರುತ್ತಿರಲಿಲ್ಲ. ಸಣ್ಣ ಸ್ಟೇಷನ್ನಿಗೆ ಒಂದು ಮಾದರಿ, ಸ್ವಲ್ಪ ದೊಡ್ಡದಕ್ಕೆ ಇನ್ನೊಂದು. ನಿಮ್ಮದು ಬಿದ್ದುಹೋಗಿದ್ದರೆ ಅದೇ ಸಾಲಿನಲ್ಲಿ, ಅದೇ ವರ್ಷದಲ್ಲಿ ಕಟ್ಟಿದ ಮತ್ತೊಂದನ್ನು ಹುಡುಕಿ. ಕಿಟಕಿ, ಬಾಗಿಲು, ಕಮಾನು, ಸೂರಿನ ಮರಗೆಲಸ ಹೊಂದುತ್ತವಾ ನೋಡಿ. ಹೊಂದಿದರೆ ಅದರ ಅಳತೆಯೇ ಗತಿ.

ಅರಸಾಳು ಹೇಳಲೇಬೇಕು. ಶಿವಮೊಗ್ಗ–ತಾಳಗುಪ್ಪ ಲೈನಿನ ಈ ಪುಟ್ಟ ಸ್ಟೇಷನ್ನನ್ನೇ ದೂರದರ್ಶನದ "ಮಾಲ್ಗುಡಿ ಡೇಸ್" ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಅಂತ ತೋರಿಸಿದ್ದು. ಹಳೇ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ. ಮೀಟರ್‌ಗೇಜ್ ಕಾಲದ ಸ್ಟೇಷನ್ ಓಡಾಡುವ ಚಿತ್ರದಲ್ಲಿ ಸಿಗುವುದು ಅಂದರೆ ಮಾಡೆಲ್ ಮಾಡುವವರಿಗೆ ಹಬ್ಬ, ಅಲ್ವಾ? ಆದರೆ ಎಚ್ಚರ. ಶೂಟಿಂಗಿಗೆ ಬಂದವರು ಬೋರ್ಡು, ಬಣ್ಣ, ಸಾಮಾನು ತಮಗೆ ಬೇಕಾದಂತೆ ಮಾಡಿಕೊಳ್ಳುತ್ತಾರೆ. ಮ್ಯೂಸಿಯಂ ಮಾಡುವವರೂ ಅಷ್ಟೇ. ಗೋಡೆ, ಮಾಡು, ಬಾಗಿಲಿನ ಜಾಗ ಇಷ್ಟನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಿ.

ಟೇಪು ಹಿಡಿದು ಹೊರಡಿ

ಸ್ಟೇಷನ್ ಮಾಸ್ಟರನ್ನು ಮೊದಲು ಭೇಟಿ ಮಾಡಿ, ಏನು ಮಾಡಲು ಬಂದಿದ್ದೀರಿ ಅಂತ ಹೇಳಿ ಅನುಮತಿ ಕೇಳಿ. ಪ್ಲಾಟ್‌ಫಾರಂ ಟಿಕೆಟ್ ಜೇಬಿನಲ್ಲಿರಲಿ. ಹಳಿಗೆ ಇಳಿಯಲೇಬೇಡಿ. ಅದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕಿಂತ ಮುಖ್ಯವಾಗಿ ಪ್ರಾಣ ಹೋಗುತ್ತದೆ.

ಬೇಕಾದ್ದು ಇಷ್ಟು: 30 ಮೀಟರಿನ ಟೇಪು, 5 ಮೀಟರಿನ ಸ್ಟೀಲ್ ಟೇಪು, ಬರೆಯಲು ಗಟ್ಟಿ ರಟ್ಟು, ಪೆನ್ಸಿಲ್, ಟೇಪಿನ ಇನ್ನೊಂದು ತುದಿ ಹಿಡಿಯಲು ಬೈದುಕೊಳ್ಳದ ಒಬ್ಬ ಸ್ನೇಹಿತ. ಜೊತೆಗೆ ಒಂದು ಮೀಟರಿನ ಕೋಲಿಗೆ 10 ಸೆಂಟಿಮೀಟರಿಗೊಂದರಂತೆ ಕೆಂಪು, ಬಿಳಿ ಬಳಿದುಕೊಂಡು ಹೋಗಿ. ಪ್ರತಿ ಫೋಟೋದಲ್ಲೂ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ.

ಮೊದಲು ಕಟ್ಟಡದ ಒರಟು ಚಿತ್ರ ಬರೆದುಕೊಳ್ಳಿ. ಆಮೇಲೆ ಒಂದು ಮೂಲೆಯಲ್ಲಿ ಟೇಪಿನ ಸೊನ್ನೆ ಇಟ್ಟು ಗೋಡೆಯುದ್ದಕ್ಕೂ ಎಳೆದು, ಕಿಟಕಿ ಶುರು ಎಲ್ಲಿ, ಮುಗಿಯುವುದು ಎಲ್ಲಿ, ಬಾಗಿಲು ಎಲ್ಲಿ ಅಂತ ಒಂದೇ ಎಳೆತದಲ್ಲಿ ಓದಿ ಬರೆಯಿರಿ. ಕಿಟಕಿಗೊಂದು ಗೋಡೆಗೊಂದು ಬೇರೆ ಬೇರೆ ಅಳೆದು ಕೂಡಿಸಿದರೆ ಕೊನೆಗೆ ನಾಲ್ಕು ಬೆರಳು ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತೀರಿ. ಬಾಗಿಲ ಹತ್ತಿರ ಗೋಡೆಯ ದಪ್ಪ ಅಳೆಯುವುದನ್ನು ಮರೆಯಬೇಡಿ. ಹಳೇ ಕಲ್ಲಿನ ಗೋಡೆಯ ದಪ್ಪ ಕಿಟಕಿಯ ಆಳದಲ್ಲಿ ಕಾಣದಿದ್ದರೆ ಮಾಡೆಲ್ ರಟ್ಟಿನ ಡಬ್ಬದ ಥರ ಕಾಣುತ್ತದೆ.

ಎತ್ತರಕ್ಕೆ ಒಂದು ಉಪಾಯ. ಸೈಜುಗಲ್ಲಿನ ಗೋಡೆಯಾದರೆ ಕೈಗೆಟುಕುವ ಐದು ವರಸೆ (ಕಲ್ಲಿನ ಅಡ್ಡಸಾಲು) ಅಳೆಯಿರಿ. ಉದಾಹರಣೆಗೆ ಐದು ವರಸೆಗೆ ಒಂದು ಮೀಟರ್ ಬಂತು ಅನ್ನಿ, ವರಸೆಗೆ 20 ಸೆಂಟಿಮೀಟರ್. ಸೂರಿನ ತನಕ 18 ವರಸೆ ಎಣಿಸಿದಿರಿ, ಎತ್ತರ 3.6 ಮೀಟರ್. ಎಚ್‌ಓದಲ್ಲಿ 41 ಮಿಲಿಮೀಟರ್ ಚಿಲ್ಲರೆ. ಮೇಲಿನ ವರಸೆ ಕೆಲವು ಕಡೆ ಸಣ್ಣದಿರುತ್ತದೆ, ಕೋಲಿನ ಫೋಟೋ ಜೊತೆ ತಾಳೆ ನೋಡಿ. ಮಂಗಳೂರು ಹಂಚಿನ ಮಾಡಾದರೆ ಅಂಚಿನ ಹಂಚುಗಳನ್ನು ಎಣಿಸಿ. ಒಂದು ಹಂಚು ಸುಮಾರು 16 ಇಂಚು ಉದ್ದ, 9 ಇಂಚು ಚಿಲ್ಲರೆ ಅಗಲ, ಆದರೆ ಒಂದರ ಮೇಲೊಂದು ಕೂರುವುದರಿಂದ ಕಾಣುವುದು ಅಷ್ಟಿಲ್ಲ. ಹತ್ತು ಹಂಚಿನ ಸಾಲು ಎಲ್ಲಾದರೂ ತಗ್ಗಿನಲ್ಲಿ ಸಿಕ್ಕರೆ ಅದನ್ನೇ ಅಳೆದು ಹತ್ತರಿಂದ ಭಾಗಿಸಿ.

ಮುಳುಗಿದ ಕಟ್ಟಡ

ನನ್ನ ಎರಡನೇ ಮಾಡೆಲ್ ಹಾಳಾದದ್ದು ಇದರಿಂದ. ಎಲ್ಲ ಅಳತೆ ಸರಿಯಿತ್ತು. ಆದರೂ ಕಟ್ಟಡ ಯಾಕೋ ಕುಳ್ಳಗೆ, ಸೊಂಟ ಮುರಿದವರ ಥರ ಕಾಣುತ್ತಿತ್ತು. 1970ರ ಸುಮಾರಿನ ಒಂದು ಮನೆಯ ಆಲ್ಬಂ ಫೋಟೋ ಸಿಕ್ಕಿತು. ಮದುವೆ ದಿಬ್ಬಣದವರು ಸ್ಟೇಷನ್ ಮುಂದೆ ನಿಂತಿದ್ದಾರೆ, ಹೊಸ ಮದುಮಗಳು ಮೆಟ್ಟಿಲ ಮೇಲೆ. ಮೆಟ್ಟಿಲು! ನಾನು ಅಳೆಯಲು ಹೋದಾಗ ಅಲ್ಲಿ ಮೆಟ್ಟಿಲೇ ಇರಲಿಲ್ಲ. ಫೋಟೋದಲ್ಲಿ ಮೂರು ಇದ್ದವು.

ಆದದ್ದು ಇಷ್ಟೇ. ಬ್ರಾಡ್‌ಗೇಜ್ ಬಂದಾಗ ಪ್ಲಾಟ್‌ಫಾರಂ ಎತ್ತರಿಸಿದ್ದಾರೆ. ಈಗಿನ ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್ ಮೇಲಿರುತ್ತದೆ. ನ್ಯಾರೋಗೇಜ್, ಮೀಟರ್‌ಗೇಜ್ ಕಾಲದಲ್ಲಿ ಸಣ್ಣ ಊರುಗಳಲ್ಲಿ ಅಷ್ಟು ಎತ್ತರದ ಪ್ಲಾಟ್‌ಫಾರಂ ಎಲ್ಲಿತ್ತು? ಮಣ್ಣು ತುಂಬಿ ಎತ್ತರಿಸಿದಾಗ ಕಟ್ಟಡದ ಜಗಲಿ, ಮೆಟ್ಟಿಲು, ತಳದ ಕಲ್ಲು ಎಲ್ಲ ಒಳಗೆ ಹೋಯಿತು. ನಾವು ಹೋಗಿ ಅಳೆಯುವುದು ಉಳಿದ ಮೇಲಿನ ಭಾಗವನ್ನು ಮಾತ್ರ.

ಹಾಗಾಗಿ ಕಟ್ಟಡದ ಹಿಂಭಾಗಕ್ಕೆ, ರಸ್ತೆ ಕಡೆಗೆ ಹೋಗಿ. ಅಲ್ಲಿ ನೆಲ ಸಾಮಾನ್ಯವಾಗಿ ಹಳೇ ಮಟ್ಟದಲ್ಲೇ ಇರುತ್ತದೆ, ಪೂರ್ತಿ ಎತ್ತರ ಅಲ್ಲಿಂದ ಅಳೆಯಿರಿ. ಎದುರುಗಡೆಗೂ ಹಿಂದುಗಡೆಗೂ ಇರುವ ವ್ಯತ್ಯಾಸವೇ ಮಣ್ಣಲ್ಲಿ ಹೋದ ಭಾಗದ ಅಂದಾಜು. ಹಳೇ ಫೋಟೋ ಸಿಕ್ಕರೆ ಮೆಟ್ಟಿಲು ಎಣಿಸಿ.

ಫೋಟೋದಿಂದ ಅಳತೆ

ಎದುರಿಗೆ ನೇರವಾಗಿ, ದೂರ ನಿಂತು, ಜೂಮ್ ಮಾಡಿ ತೆಗೆಯಿರಿ. ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆತ್ತಿ ತೆಗೆದರೆ ಗೋಡೆ ಹಿಂದಕ್ಕೆ ಬಿದ್ದ ಹಾಗೆ ಬರುತ್ತದೆ. ಸ್ವಲ್ಪ ಓರೆಯಾದರೆ ಗಿಂಪ್ ಎನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಪರ್ಸ್ಪೆಕ್ಟಿವ್ ಟೂಲಿನಿಂದ ನೆಟ್ಟಗೆ ಮಾಡಬಹುದು.

ಹಳೇ ಫೋಟೋದಲ್ಲಿ ನಮ್ಮ ಕೋಲು ಇರುವುದಿಲ್ಲ. ಅಲ್ಲಿ ಗೊತ್ತಿರುವ ಒಂದು ಅಳತೆ ಹುಡುಕಬೇಕು. ಬಹಳ ಜನ ಮುಂದಿರುವ ಹಳಿಯ ಅಗಲ ಹಿಡಿದು ಹಿಂದಿನ ಗೋಡೆ ಅಳೆಯುತ್ತಾರೆ. ತಪ್ಪು. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುತ್ತದೆ. ಅಳೆಯಬೇಕಾದ ಗೋಡೆಯಲ್ಲೇ ಇರುವ ವಸ್ತು ಹಿಡಿಯಿರಿ. ಅದೇ ಗೋಡೆಯ ಬಾಗಿಲು ಇಂದಿಗೂ ಉಳಿದಿದ್ದರೆ ಅದನ್ನು ಅಳೆದು ಬನ್ನಿ, ಮಿಕ್ಕದ್ದು ಲೆಕ್ಕ.

ಪ್ಲಾಟ್‌ಫಾರಂ ಉದ್ದಕ್ಕೆ ನಿಂತ ರೈಲೇ ಅಳತೆಗೋಲು. ಬ್ರಾಡ್‌ಗೇಜಿನ ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೇ ಮಾದರಿ) ಬೋಗಿ ಬಫರಿನಿಂದ ಬಫರಿಗೆ, ಅಂದರೆ ಎರಡೂ ತುದಿಯ ಗುದ್ದುತಟ್ಟೆ ಸೇರಿ, ಸುಮಾರು 22.3 ಮೀಟರ್. ಬೋಗಿ ಎಣಿಸಿ ಗುಣಿಸಿ. ಹಾಗೆ ಬಂದ ಉದ್ದ ಮನೆಯಲ್ಲಿ ಹಿಡಿಸುವುದಿಲ್ಲ, ಅದು ಬೇರೆ ಮಾತು. 300 ಮೀಟರ್ ಪ್ಲಾಟ್‌ಫಾರಂ ಎಚ್‌ಓದಲ್ಲಿ ಮೂರೂವರೆ ಮೀಟರ್ ಹತ್ತಿರ. ಪ್ಲಾಟ್‌ಫಾರಂ ಮೊಟಕು ಮಾಡಿ, ಯಾರೂ ಗಮನಿಸುವುದಿಲ್ಲ. ಕಟ್ಟಡ ಮೊಟಕು ಮಾಡಿದರೆ ತಕ್ಷಣ ಗೊತ್ತಾಗುತ್ತದೆ.

ಯಾರ್ಡಿಗೆ ಆಕಾಶದಿಂದ

ಗೂಗಲ್ ಅರ್ತ್‌ನಲ್ಲಿ ಅಳೆಯಬಹುದು, ಆದರೆ ಮೇಲಿಂದ ಕಾಣುವುದು ಮಾಡು, ಗೋಡೆಯಲ್ಲ. ಎರಡೂ ಕಡೆಯ ಸೂರು ಕಳೆಯಬೇಕು. ಕಿತ್ತುಹಾಕಿದ ಹಳೇ ಹಳಿಗಳ ಜಾಡು ಬೇಕಾದರೆ ಕೊರೋನಾ ನೋಡಿ. ಗಾಬರಿಯಾಗಬೇಡಿ, ಇದು 1960ರಿಂದ 1972ರವರೆಗೆ ಅಮೆರಿಕದವರು ಹಾರಿಸಿದ ಗೂಢಚಾರ ಉಪಗ್ರಹಗಳ ಹೆಸರು. ಆ ಚಿತ್ರಗಳು ಈಗ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಅರ್ತ್ ಎಕ್ಸ್‌ಪ್ಲೋರರ್ ವೆಬ್‌ಸೈಟಿನಲ್ಲಿವೆ, ಈಗಾಗಲೇ ಸ್ಕ್ಯಾನ್ ಆದವು ಪುಕ್ಕಟೆ. ಅದರಲ್ಲಿ ಒಳ್ಳೆಯವು ಸುಮಾರು ಎರಡು ಮೀಟರ್ ಗಾತ್ರದ ವಸ್ತುವನ್ನು ತೋರಿಸುತ್ತವೆ. ಕಿಟಕಿ ಕಾಣುವುದಿಲ್ಲ, ಆದರೆ ಎಷ್ಟು ಲೈನ್ ಇದ್ದವು, ಗೂಡ್ಸ್ ಶೆಡ್ ಯಾವ ಕಡೆ ಇತ್ತು ಎನ್ನುವುದು ತಿಳಿಯುತ್ತದೆ. ಸಿಗ್ನಲ್ ಕಂಬ, ಹ್ಯಾಂಡ್ ಲೀವರ್ ಇಂಥವನ್ನು ಕೈಯಾರೆ ಮುಟ್ಟಿ ನೋಡಲು ಮೈಸೂರಿನ ರೈಲು ಮ್ಯೂಸಿಯಂ ಇದೆ.

ಹಳಿಯ ವಿಷಯ ಎರಡೇ ಮಾತು. ಎಚ್‌ಓ ಹಳಿ 16.5 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜಿಗೆ 19.3 ಬೇಕು, ಹೊಂದುವುದಿಲ್ಲ. ಮೀಟರ್‌ಗೇಜಿಗೆ 12 ಮಿಲಿಮೀಟರ್ ಹಳಿ, ಎರಡೂವರೆ ಅಡಿಯ ನ್ಯಾರೋಗೇಜಿಗೆ 9 ಮಿಲಿಮೀಟರ್ ಹಳಿ ಚೆನ್ನಾಗಿ ಹೊಂದುತ್ತವೆ. ಚಿಕ್ಕಬಳ್ಳಾಪುರದ ಹಳೇ ಲೈನ್ ಆರಿಸಿಕೊಳ್ಳಿ ಅಂತ ಹೊಸಬರಿಗೆ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ರಟ್ಟು

ಎಲ್ಲ ಅಳತೆ ಒಂದು ಹಾಳೆಗೆ ಬಂದ ಮೇಲೆ ನೇರವಾಗಿ ಪ್ಲಾಸ್ಟಿಕ್ ಕತ್ತರಿಸಬೇಡಿ. ಸ್ವೀಟ್ ಬಾಕ್ಸಿನ ರಟ್ಟಿನಲ್ಲಿ ಒಂದು ಡಮ್ಮಿ ಮಾಡಿ, ಕಿಟಕಿ ಬಾಗಿಲನ್ನು ಪೆನ್ನಿನಲ್ಲಿ ಬರೆಯಿರಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಹಳೇ ಫೋಟೋ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಅದನ್ನು ಚೀಲದಲ್ಲಿ ಹಾಕಿಕೊಂಡು ಊರಿಗೆ ಹೋಗಿ, ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಟೇಬಲ್ ಮೇಲೆ ಇಟ್ಟುಕೊಂಡು ಕೂತುಕೊಳ್ಳಿ. ಏನೂ ಕೇಳಬೇಡಿ. ಟೀ ಮುಗಿಯುವಷ್ಟರಲ್ಲಿ ಯಾರಾದರೂ ಬಂದೇ ಬರುತ್ತಾರೆ.

ಕಳೆದ ಸಲ ನಾನು ಹಾಗೆ ಕೂತಾಗ ಒಬ್ಬ ಅಜ್ಜಿ ಬಂದು ನೋಡಿದರು. ಅವರ ಯಜಮಾನರು ಗ್ಯಾಂಗ್‌ಮನ್ ಆಗಿದ್ದರಂತೆ. ಡಮ್ಮಿಯ ಬಲಗಡೆ ಒಂದಡಿ ದೂರದಲ್ಲಿ ಟೇಬಲ್ ಮೇಲೆ ಬೆರಳಿಟ್ಟು, "ಇಲ್ಲಿ ದೀಪದ ರೂಮು ಕಣಪ್ಪ, ಸೀಮೆಎಣ್ಣೆ ಇಡ್ತಿದ್ರಲ್ಲ, ತಗಡಿನ ಬಾಗಿಲು" ಅಂದರು. ಸಿಗ್ನಲ್ ದೀಪಕ್ಕೆ ಎಣ್ಣೆ ತುಂಬುವ ಕೋಣೆ. ನನ್ನ ಹತ್ತಿರ ಇದ್ದ ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಬಾಗಿಲು ಎಷ್ಟು ಎತ್ತರ ಇತ್ತಜ್ಜಿ ಅಂತ ಕೇಳಿದೆ. ಅವರು ಎದ್ದು ನಿಂತು, ತಲೆಯಿಂದ ಒಂದು ಗೇಣು ಮೇಲಕ್ಕೆ ಕೈ ಹಿಡಿದು ತೋರಿಸಿದರು. ನಾನು ಟೇಪು ತೆಗೆದೆ.